ಒಂದು ಗಂಟೆ ದುಡಿದರೆ ನಿರುದ್ಯೋಗಿಯಲ್ಲವೇ?

(ಕಾರ್ಯಕರ್ತರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ಕೇಂದ್ರ ಸರ್ಕಾರವು ಈಗ ತಿಂಗಳಿಗೊಮ್ಮೆ ನಿರುದ್ಯೋಗದ ಲೆಕ್ಕ ಹೇಳುತ್ತಿದೆ. ಹಿಂದೆ ಸುಮಾರು ಐದು ವರ್ಷಕ್ಕೊಮ್ಮೆ ಬರುತ್ತಿದ್ದ ಈ ಲೆಕ್ಕ 2017ರಿಂದ ವಾರ್ಷಿಕವಾಯಿತು, 2025ರ ಏಪ್ರಿಲ್‌ನಿಂದ ಮಾಸಿಕವಾಯಿತು. ಆ ಏಪ್ರಿಲ್‌ನಲ್ಲಿ ನಿರುದ್ಯೋಗ ಶೇಕಡಾ 5.1, ಮೇ ತಿಂಗಳಲ್ಲಿ 5.6 ಎಂದರು.

ಲೆಕ್ಕ ಬೇಗ ಬರುವುದನ್ನು ನಾವು ಸ್ವಾಗತಿಸುತ್ತೇವೆ. ಲೆಕ್ಕವನ್ನು ತಡೆಹಿಡಿದ ಕಾಲವನ್ನೂ ನಾವು ಕಂಡಿದ್ದೇವೆ. 2017-18ರ ಸಮೀಕ್ಷೆಯಲ್ಲಿ ನಿರುದ್ಯೋಗ ಶೇಕಡಾ 6.1 ಎಂದು ಕಂಡುಬಂದಾಗ ವರದಿ ಹೊರಬರಲಿಲ್ಲ. 2019ರ ಜನವರಿಯಲ್ಲಿ ರಾಷ್ಟ್ರೀಯ ಸಂಖ್ಯಾಶಾಸ್ತ್ರ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ಲೋಕಸಭಾ ಚುನಾವಣೆ ಮುಗಿದ ಮೇಲೆ, ಮೇ 31ರಂದು, ಅದು ಪ್ರಕಟವಾಯಿತು.

ಆದರೆ ಲೆಕ್ಕ ಬಂದರೆ ಸಾಲದು. ಯಾವ ಕೊಳಗದಲ್ಲಿ ಅಳೆದರು ಎಂಬುದನ್ನೂ ಕೇಳಬೇಕು. ಮಾಸಿಕ ಲೆಕ್ಕದ ಕೊಳಗ ಹೀಗಿದೆ: ವಾರದ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದವನು ಉದ್ಯೋಗಸ್ಥ. ಸೋಮವಾರ ಒಂದು ಗಂಟೆ ಲಾರಿಯಿಂದ ಮೂಟೆ ಇಳಿಸಿ, ಉಳಿದ ದಿನವೆಲ್ಲ ಕೂಲಿಗೆ ಕಾದು ಕೂತವನೂ ಈ ಲೆಕ್ಕದಲ್ಲಿ ಉದ್ಯೋಗಸ್ಥನೇ. ವಾರ್ಷಿಕ ಲೆಕ್ಕದಲ್ಲಿ ವರ್ಷಕ್ಕೆ 30 ದಿನದ ದುಡಿಮೆ ಸಾಕು. ಗಂಡನ ಹೊಲದಲ್ಲಿ ಕಳೆ ಕೀಳುವ, ಮನೆಯ ಅಂಗಡಿಯಲ್ಲಿ ಕೂರುವ ಹೆಣ್ಣುಮಗಳ ಕೈಗೆ ಒಂದು ಕಾಸು ಬಾರದಿದ್ದರೂ ಅವಳೂ ಉದ್ಯೋಗಸ್ಥೆ. ಅವಳದು ದುಡಿಮೆಯೆಂದು ಒಪ್ಪಿದ್ದು ನ್ಯಾಯವೇ. ಅದನ್ನು ಸಂಬಳದ ನೌಕರಿಯ ಜೊತೆ ಒಂದೇ ರಾಶಿಗೆ ಸುರಿದು ಜಂಬ ಕೊಚ್ಚುವುದು ಅನ್ಯಾಯ.

ಒಂದು ಗಂಟೆಯ ಅಳತೆ ಅಂತಾರಾಷ್ಟ್ರೀಯವಾದದ್ದು ಎಂದು ಪಂಡಿತರು ಹೇಳುತ್ತಾರೆ. ನಿಜ. ಆದರೆ ನಿರುದ್ಯೋಗಿಗೆ ಭತ್ಯ ಸಿಗುವ ದೇಶದಲ್ಲಿ ಕೆಲಸ ಹೋದವನು ಮನೆಯಲ್ಲಿದ್ದು ಬೇರೆ ಕೆಲಸ ಹುಡುಕಬಲ್ಲ. ನಮ್ಮಲ್ಲಿ ಬಡವನಿಗೆ ನಿರುದ್ಯೋಗಿಯಾಗಿರುವ ಶಕ್ತಿಯೇ ಇಲ್ಲ; ಏನಾದರೂ ಮಾಡಲೇಬೇಕು.

ವಾರ್ಷಿಕ ಲೆಕ್ಕವನ್ನೇ ನೋಡೋಣ. 2017-18ರಲ್ಲಿ 6.1 ಇದ್ದ ನಿರುದ್ಯೋಗ 2023-24ರಲ್ಲಿ 3.2ಕ್ಕೆ ಇಳಿಯಿತು. ಹಾಗಾದರೆ ಜನರಿಗೆ ಸಿಕ್ಕಿದ್ದು ಎಂಥ ಕೆಲಸ? ಅದೇ ಅವಧಿಯಲ್ಲಿ ದುಡಿಯುವವರ ಪೈಕಿ ಖಾಯಂ ಸಂಬಳದವರ ಪಾಲು ಶೇಕಡಾ 22.8ರಿಂದ 21.7ಕ್ಕೆ ಇಳಿಯಿತು. ಸ್ವಂತ ದುಡಿಮೆಯವರು 52.2ರಿಂದ 58.4ಕ್ಕೆ ಏರಿದರು, ಬಿಡಿಗಾಸೂ ಇಲ್ಲದ ಮನೆಯ ದುಡಿಮೆಯೂ ಇದರಲ್ಲೇ ಸೇರಿದೆ. ಬೇಸಾಯ ನಂಬಿದವರು 44.1ರಿಂದ 46.1ಕ್ಕೆ ಏರಿದರು. ಮುಂದುವರಿಯುವ ದೇಶದಲ್ಲಿ ಜನ ಹೊಲದಿಂದ ಕಾರ್ಖಾನೆಗೆ ಹೋಗುತ್ತಾರೆ. 2020ರ ಕೊರೊನಾ ಕಾಲದಲ್ಲಿ ನಮ್ಮವರು ನಗರ ಬಿಟ್ಟು ಹೊಲಕ್ಕೆ ಮರಳಿದರು. ನಾಲ್ಕು ವರ್ಷ ಕಳೆದರೂ ಆ ಭಾರ ನೆಲದ ಮೇಲೆಯೇ ಉಳಿದಿತ್ತು. ಇದ್ದ ಒಂದು ಎಕರೆಯನ್ನೇ ಇನ್ನಿಬ್ಬರು ಹಂಚಿಕೊಂಡು ಉತ್ತರೆ ನಿರುದ್ಯೋಗ ಕಾಗದದಲ್ಲಿ ಇಳಿಯುತ್ತದೆ, ಅನ್ನ ಮಾತ್ರ ಹೆಚ್ಚುವುದಿಲ್ಲ.

1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಲೋಕಸಭೆಯಲ್ಲಿ ಎತ್ತಿದ್ದು ಇಂಥದೇ ಪ್ರಶ್ನೆ. ಈ ದೇಶದ ಬಹುಪಾಲು ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದು ಅವರು ಹೇಳಿದಾಗ, ಸರ್ಕಾರ ಹದಿನೈದಾಣೆ ಎಂದಿತು. ಸರಾಸರಿಯ ಮರೆಯಲ್ಲಿ ಬಡವನನ್ನು ಅಡಗಿಸಲು ಅವರು ಬಿಡಲಿಲ್ಲ. ನಾವೂ ಬಿಡಬಾರದು.

ಆದ್ದರಿಂದ ನಮ್ಮ ಬೇಡಿಕೆಗಳು ಮೂರು. ಪ್ರತಿ ತಿಂಗಳೂ ನಿರುದ್ಯೋಗದ ಅಂಕಿಯ ಪಕ್ಕದಲ್ಲೇ ಎಷ್ಟು ದಿನ ಕೆಲಸ, ಎಷ್ಟು ಸಂಪಾದನೆ ಎಂಬುದನ್ನೂ ಅಚ್ಚು ಹಾಕಲಿ. ಸಂಬಳವಿಲ್ಲದ ದುಡಿಮೆಯನ್ನು ಅದೇ ಪುಟದಲ್ಲಿ ಬೇರೆಯಾಗಿ ತೋರಿಸಲಿ. ಸಂವಿಧಾನದ 41ನೆಯ ವಿಧಿ ಹೇಳಿರುವ ಕೆಲಸದ ಹಕ್ಕನ್ನು ಬರಿಯ ನಿರ್ದೇಶಕ ತತ್ತ್ವವಾಗಿ ಬಿಡದೆ, ಪಟ್ಟಣದ ಕೂಲಿಕಾರನಿಗೂ ಸಿಗುವ ಶಾಸನಬದ್ಧ ಹಕ್ಕಾಗಿ ಮಾಡಲಿ.

ದೆಹಲಿ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಶಿಬಿರ ಮುಗಿಸಿ ಊರಿಗೆ ಹೋದವರು ನಿಮ್ಮ ನಿಮ್ಮ ಕೇರಿಗಳಲ್ಲಿ ಮನೆಮನೆಗೂ ಹೋಗಿ ಮೂರೇ ಪ್ರಶ್ನೆ ಕೇಳಿರಿ: ಕಳೆದ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು? ದಿನಕ್ಕೆ ಎಷ್ಟು ಬಂತು? ಅದು ಯಾರ ಕೈಗೆ ಬಂತು? ಉತ್ತರಗಳನ್ನು ಬರೆದು ತನ್ನಿರಿ. ಸರ್ಕಾರದ ಮಾಸಿಕ ಲೆಕ್ಕದ ಎದುರಿಗೆ ನಮ್ಮ ಜಿಲ್ಲೆಯ ಲೆಕ್ಕವನ್ನು ಇಟ್ಟು ಮಾತನಾಡೋಣ.