ಫೋನಿನಲ್ಲಿ ಕಟ್ಟುವ ಕೂಟ: ದುಡಿಮೆ ಯಾರದು, ಗಳಿಕೆ ಯಾರದು?

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ನಮ್ಮ ಮುಂದಿರುವ ಪ್ರಶ್ನೆ ಇದು. ಫೋನಿನ ಮೂಲಕ ಕನ್ನಡ ಕೆಲಸಗಾರರ ಒಂದು ಕೂಟ ಕಟ್ಟಬೇಕು, ಅದನ್ನು ಸಾವಿರ ಜನಕ್ಕೆ ಬೆಳೆಸಬೇಕು, ಅದರಿಂದ ಸಂಘಕ್ಕೆ ನಾಲ್ಕು ಕಾಸು ಬರುವಂತೆ ಮಾಡಬೇಕು ಎಂದು ನಮ್ಮ ತರುಣರು ಹೇಳುತ್ತಿದ್ದಾರೆ. ಹಿರಿಯರಲ್ಲಿ ಕೆಲವರು, "ಫೋನು ನೋಡುತ್ತ ನಡೆಯುವವನ ಕೈಯಿಂದ ತಟ್ಟೆ ಜಾರುತ್ತದೆ; ಇದೆಲ್ಲ ನಮಗೇಕೆ?" ಎನ್ನುತ್ತಿದ್ದಾರೆ. ಎರಡು ಮಾತಿನಲ್ಲೂ ಹುರುಳಿದೆ. ಆದುದರಿಂದ ಕಟ್ಟುವುದು ಹೇಗೆ, ಬೆಳೆಸುವುದು ಹೇಗೆ, ಗಳಿಸುವುದು ಹೇಗೆ ಎಂದು ಒಂದೊಂದಾಗಿ ನೋಡೋಣ. ಕೊನೆಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯೊಂದು ಉಳಿಯುತ್ತದೆ: ಹಾಗೆ ಕಟ್ಟಿದ ಕೂಟದ ಒಡೆತನ ಯಾರದು?

ಕೂಟ ಕಟ್ಟುವುದು ನಮಗೆ ಹೊಸತಲ್ಲ. ಈ ಮುಂಬಯಿಗೆ ಬಂದ ಕನ್ನಡ ನಾಡಿನವರು ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತರು. ಒಂದು ಕೋಣೆಯಲ್ಲಿ ಹತ್ತು ಮಂದಿ ಮಲಗಿ, ಒಬ್ಬರ ಕಷ್ಟಕ್ಕೆ ಒಂಬತ್ತು ಮಂದಿ ಕೈಹಾಕಿದರು. 1906ರಲ್ಲಿ ಕೆನರಾ ಜಿಲ್ಲೆಗಳ ಮೂಲದ ಸಾರಸ್ವತ ಸಮಾಜದವರು ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ಮುಂದಾಳುತನದಲ್ಲಿ ಇದೇ ಊರಿನಲ್ಲಿ ಶಾಮರಾವ್ ವಿಠಲ್ ಸಹಕಾರಿ ಸಂಸ್ಥೆಯನ್ನು ಸ್ಥಾಪಿಸಿದರು. 1978ರಲ್ಲಿ ಬಿಲ್ಲವರ ಅಸೋಸಿಯೇಶನ್ನಿನವರು ಭಾರತ್ ಸಹಕಾರಿ ಬ್ಯಾಂಕನ್ನು ತೆರೆದರು. ಇವೆರಡೂ ಮುಂದೆ ದೊಡ್ಡ ಬ್ಯಾಂಕುಗಳಾದವು. ಆದರೆ ಮೊದಲು ಹಣ ಬಂದು ಆಮೇಲೆ ಜನ ಕೂಡಿದ್ದಲ್ಲ. ಮೊದಲು ಒಬ್ಬರನ್ನೊಬ್ಬರು ಬಲ್ಲ ಜನ, ಆಮೇಲೆ ನಂಬಿಕೆ, ಆಮೇಲೆ ಹಣ. ಈ ಕ್ರಮ ಫೋನಿನಲ್ಲೂ ಬದಲಾಗುವುದಿಲ್ಲ. ಗಳಿಕೆಯನ್ನೇ ಮುಂದಿಟ್ಟುಕೊಂಡು ಹೊರಟ ಕೂಟ ಆರು ತಿಂಗಳಲ್ಲಿ ಬರಿದಾಗುತ್ತದೆ.

ಹಾಗಾದರೆ ಕಟ್ಟುವುದು ಹೇಗೆ? ಒಂದು ಅಗತ್ಯವನ್ನು ಹಿಡಿಯಬೇಕು, ಒಂದನ್ನೇ ಹಿಡಿಯಬೇಕು. "ಎಲ್ಲ ಕನ್ನಡಿಗರೂ ಬನ್ನಿ" ಎಂದು ಕರೆದರೆ ಬೆಳಗ್ಗೆ ನೂರು ಹೂವಿನ ಚಿತ್ರ, ರಾತ್ರಿ ನೂರು ದೇವರ ಚಿತ್ರ ಬರುತ್ತವೆ; ಕೆಲಸದ ಮಾತು ಅವುಗಳಡಿಯಲ್ಲಿ ಮುಚ್ಚಿಹೋಗುತ್ತದೆ. ಅದರ ಬದಲು, ಯಾವ ಹೊಟೇಲಿನಲ್ಲಿ ಅಡಿಗೆಯವರು ಬೇಕು, ಸಂಬಳವೆಷ್ಟು, ಮಲಗಲು ಜಾಗವಿದೆಯೇ ಎಂಬ ಸುದ್ದಿಗಾಗಿ ಒಂದು ಕೂಟವಿರಲಿ. ಗಿರಣಿ ಕಾರ್ಮಿಕರಿಗೂ ಅವರ ವಾರಸುದಾರರಿಗೂ ಮ್ಹಾಡಾದ ಮನೆಗಳ ಅರ್ಜಿ, ಕಾಗದಪತ್ರಗಳ ವಿಚಾರ ತಿಳಿಸಲು ಇನ್ನೊಂದು ಕೂಟವಿರಲಿ. 2021ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಇ-ಶ್ರಮ್ ನೋಂದಣಿಯನ್ನು ಮಾಡಿಸದವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಕೈಹಿಡಿದು ಮಾಡಿಸುವುದೂ ಒಂದು ಕೆಲಸವೇ. ಮೊದಲ ಐವತ್ತು ಮಂದಿಯನ್ನು ಫೋನಿನಲ್ಲಿ ಹುಡುಕಬೇಡಿ. ಪಾಳಿ ಮುಗಿದ ಮೇಲೆ ಹೋಗಿ ಮುಖ ನೋಡಿ ಮಾತಾಡಿ ಸೇರಿಸಿರಿ. ಮುಖ ಬಲ್ಲ ಐವತ್ತು ಮಂದಿ, ಮುಖವರಿಯದ ಐನೂರು ಮಂದಿಗಿಂತ ಹೆಚ್ಚು.

ಇನ್ನು ಬೆಳೆಸುವ ವಿಚಾರ. ವಾಟ್ಸಾಪಿನ ಒಂದು ಗುಂಪಿನಲ್ಲಿ 1,024 ಮಂದಿಯವರೆಗೆ ಸೇರಿಸಲು 2022ರಿಂದ ಅವಕಾಶವಿದೆ. ಸಂಖ್ಯೆ ತುಂಬಿಸುವುದು ಕಷ್ಟವಲ್ಲ. ಆದರೆ ಯಾಕೋಬ್ ನೀಲ್ಸನ್ ಎಂಬ ತಜ್ಞರು 2006ರಲ್ಲಿ ಬರೆದ ಒಂದು ಮಾತನ್ನು ನೆನಪಿಡಬೇಕು. ಇಂಥ ಕೂಟಗಳಲ್ಲಿ ಸುಮಾರಾಗಿ ನೂರಕ್ಕೆ 90 ಮಂದಿ ಸುಮ್ಮನೆ ನೋಡುವವರು, 9 ಮಂದಿ ಆಗೊಮ್ಮೆ ಈಗೊಮ್ಮೆ ಮಾತಾಡುವವರು, ಒಬ್ಬನೇ ಒಬ್ಬ ಹೆಚ್ಚಿನ ಕೆಲಸ ಮಾಡುವವನು. ನಮ್ಮ ಸಂಘಗಳ ಅನುಭವವೂ ಇದೇ ತಾನೆ? ಕುರ್ಚಿ ಹಾಕುವವನು ಯಾವಾಗಲೂ ಅವನೊಬ್ಬನೇ! ಆ ಒಬ್ಬನನ್ನು ಕಾಪಾಡಿಕೊಂಡರೆ ಕೂಟ ಉಳಿಯುತ್ತದೆ. ಅವನಿಗೆ ಜತೆಗಾರರನ್ನು ಕೊಡಿ, ಪಾಳಿ ಹಾಕಿಕೊಡಿ, ವರ್ಷಕ್ಕೊಮ್ಮೆ ಬದಲಿಸಿರಿ. ಸುಮ್ಮನೆ ನೋಡುವ ತೊಂಬತ್ತು ಮಂದಿಯನ್ನೂ ಹಗುರವಾಗಿ ಕಾಣಬೇಡಿ. ಬರೆಯಲು ಬಾರದವರು, ನಾಚುವವರು ಅವರಲ್ಲಿದ್ದಾರೆ. ಅವರು ಬರೆಯುವ ಬದಲು ತಮ್ಮ ದನಿಯಲ್ಲೇ ಮಾತಾಡಿ ಕಳಿಸಲಿ.

ಗುಂಪು ನಡೆಸುವವರಿಗೆ ಒಂದು ಅಂಜಿಕೆಯಿದೆ: ಯಾರೋ ಕೆಟ್ಟ ಮಾತು ಹಾಕಿದರೆ ನಮ್ಮ ಮೇಲೆ ಬರುವುದೇ ಎಂದು. ಗುಂಪಿನ ಸದಸ್ಯನೊಬ್ಬನ ತಪ್ಪಿಗೆ, ಒಳಸಂಚಿಲ್ಲದ ಪಕ್ಷದಲ್ಲಿ, ಗುಂಪು ನಡೆಸುವವನು ಹೊಣೆಗಾರನಲ್ಲವೆಂದು ಮುಂಬಯಿ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ. ಹಾಗೆಂದು ಕಣ್ಣು ಮುಚ್ಚಿ ಕೂರಬಾರದು. ಜಾತಿ, ಧರ್ಮ, ಚುನಾವಣೆಯ ಜಗಳಕ್ಕೆ ಈ ಕೂಟದಲ್ಲಿ ಜಾಗವಿಲ್ಲವೆಂದು ಮೊದಲ ದಿನವೇ ನಿಯಮ ಮಾಡಿರಿ. ಒಮ್ಮೆ ಎಚ್ಚರಿಸಿರಿ, ಎರಡನೆಯ ಸಲ ಹೊರಗೆ ಕಳಿಸಿರಿ. ಧಣಿಯ ಮಗನಾದರೂ ನಿಯಮ ಒಂದೇ ಇರಲಿ.

ಈಗ ಗಳಿಕೆಗೆ ಬರೋಣ. ತರುಣರ ಕಣ್ಣು ಯೂಟ್ಯೂಬಿನ ಜಾಹೀರಾತಿನ ಮೇಲಿದೆ. ಅದರ ಲೆಕ್ಕ ಹೀಗಿದೆ. ಜಾಹೀರಾತಿನಲ್ಲಿ ಪಾಲು ಸಿಗಬೇಕಾದರೆ ಕನಿಷ್ಠ 1,000 ಮಂದಿ ಚಂದಾದಾರರಿರಬೇಕು. ಅದರ ಜತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಜನ ಒಟ್ಟು 4,000 ಗಂಟೆ ನೋಡಿರಬೇಕು. ಉದ್ದನೆಯ ಚಿತ್ರಗಳ ಜಾಹೀರಾತಿನಲ್ಲಿ ಚಿತ್ರ ಮಾಡಿದವರಿಗೆ ನೂರಕ್ಕೆ 55 ಪಾಲು, ಕಂಪನಿಗೆ 45. ಆ ಹಣವಾದರೂ 100 ಡಾಲರು ತುಂಬುವವರೆಗೆ ಕೈಗೆ ಬರುವುದಿಲ್ಲ. ಚೆನ್ನಾಗಿ ಅಡಿಗೆ ಬಲ್ಲ ನಮ್ಮವರು ನೀರುದೋಸೆಯನ್ನೋ ಪತ್ರೊಡೆಯನ್ನೋ ಮಾಡಿ ತೋರಿಸಲಿ, ಸಂತೋಷ. ಆದರೆ ಇದನ್ನು ನಂಬಿ ಕೈಯಲ್ಲಿದ್ದ ಕೆಲಸ ಬಿಡಬೇಡಿರಿ.

ಸಣ್ಣ ಕೂಟಕ್ಕೆ ಜಾಹೀರಾತಿಗಿಂತ ಗಟ್ಟಿಯಾದ ದಾರಿ ಸದಸ್ಯರ ವಂತಿಗೆ. 500 ಮಂದಿ ತಿಂಗಳಿಗೆ 20 ರೂಪಾಯಿ ಕೊಟ್ಟರೆ 10,000 ರೂಪಾಯಿ. ಒಂದು ಚಹಾದ ಬೆಲೆ ಒಬ್ಬರಿಗೆ ಭಾರವಲ್ಲ. ಸಂಘಕ್ಕೆ ಅದು ಒಬ್ಬ ಅರ್ಧದಿನದ ಗುಮಾಸ್ತನ ಕೂಲಿ. 2016ರಲ್ಲಿ ಯುಪಿಐ ಬಂದ ಮೇಲೆ ಬಾಗಿಲು ಬಾಗಿಲಿಗೆ ಹೋಗಿ ವಸೂಲು ಮಾಡುವ ಕಷ್ಟವೂ ತಪ್ಪಿದೆ. ಎರಡನೆಯ ದಾರಿ, ಆಳು ಬೇಕೆಂದು ಸುದ್ದಿ ಹಾಕುವ ಹೊಟೇಲು ಮಾಲಕರಿಂದ ಶುಲ್ಕ. ಮಾಲಕರು ಕೊಡಲಿ, ಕೆಲಸ ಹುಡುಕುವವನಿಂದ ಒಂದು ಪೈಸೆಯೂ ಬೇಡ. ಮೂರನೆಯದು, ಊರಿನ ಕುಚ್ಚಲಕ್ಕಿ, ಹಪ್ಪಳ, ತೆಂಗಿನೆಣ್ಣೆಯನ್ನು ಒಟ್ಟಾಗಿ ತರಿಸಿ ಹಂಚಿ, ಉಳಿದ ಲಾಭವನ್ನು ಸಂಘಕ್ಕೆ ಹಾಕುವುದು. ಯಾವ ದಾರಿಯಾದರೂ ಹಣ ಸಂಘದ ಖಾತೆಗೇ ಬರಲಿ, ಒಬ್ಬನ ಫೋನಿಗೆ ಬೇಡ. ತಿಂಗಳ ಕೊನೆಗೆ ಜಮಾಖರ್ಚು ಎಲ್ಲರ ಕಣ್ಣಿಗೆ ಬೀಳಲಿ.

ಮಾಡಬಾರದ ಗಳಿಕೆಯೂ ಇದೆ. ಗುಂಪಿನಲ್ಲಿ ನಂಬಿಕೆ ಹುಟ್ಟಿತೆಂದು ಕಂಡೊಡನೆ, "ಹಣ ಇಡಿರಿ, ಇಮ್ಮಡಿ ಕೊಡುತ್ತೇವೆ" ಎನ್ನುವವರು ಬರುತ್ತಾರೆ. ನೋಂದಣಿಯಿಲ್ಲದೆ ಜನರಿಂದ ಠೇವಣಿ ಎತ್ತುವ ಯೋಜನೆಗಳನ್ನು 2019ರ ಕಾನೂನು ನಿಷೇಧಿಸಿದೆ. ಚಿಟ್‌ಫಂಡಿಗೆ 1982ರ ಕಾಯಿದೆಯಿದೆ. ಹೊರದೇಶದಲ್ಲಿ ಕೆಲಸವೆಂದು ಮುಂಗಡ ಕೇಳುವವನನ್ನೂ, ಮನೆಯಲ್ಲೇ ಕೂತು ಬೆರಳೊತ್ತಿದರೆ ದಿನಕ್ಕೆ ಸಾವಿರ ಎನ್ನುವವನನ್ನೂ ಆ ಕ್ಷಣವೇ ಹೊರಹಾಕಿರಿ. ಯಾರಾದರೂ ಹಣ ಕಳಕೊಂಡರೆ ನಾಚಿ ಮುಚ್ಚಿಡದೆ ಕೂಡಲೇ 1930ಕ್ಕೆ ಫೋನು ಮಾಡಲಿ. ಬಡವನ ಉಳಿತಾಯ ಒಮ್ಮೆ ನಮ್ಮ ಹೆಸರಿನಲ್ಲಿ ಮುಳುಗಿದರೆ ಮತ್ತೆ ಹತ್ತು ವರ್ಷ ಯಾರೂ ನಮ್ಮ ಬಾಗಿಲಿಗೆ ಬರಲಾರರು.

ಬಂಧುಗಳೇ, ಈಗ ಕೊನೆಯ ಪ್ರಶ್ನೆ. ಅಮೇರಿಕದಲ್ಲಿ 2005ರಲ್ಲಿ ರೆಡ್ಡಿಟ್ ಎಂಬ ಜಾಲಕೂಟ ಹುಟ್ಟಿತು. ಅದರ ಸಾವಿರಾರು ಚಾವಡಿಗಳನ್ನು ಸಂಬಳವಿಲ್ಲದ ಸ್ವಯಂಸೇವಕರು ಕಾಯುತ್ತ, ಗುಡಿಸುತ್ತ ಬೆಳೆಸಿದರು. 2023ರಲ್ಲಿ, ಹೊರಗಿನವರು ಮಾಡಿದ ಉಪಕರಣಗಳ ಬಳಕೆಗೆ ಕಂಪನಿ ಭಾರಿ ದರ ವಿಧಿಸಿತು. ಜೂನ್ ತಿಂಗಳಲ್ಲಿ ಸಾವಿರಾರು ಚಾವಡಿಗಳು ಬಾಗಿಲು ಹಾಕಿ ಮುಷ್ಕರ ಹೂಡಿದವು. ಕಂಪನಿ ಮಣಿಯಲಿಲ್ಲ. 2024ರ ಮಾರ್ಚಿನಲ್ಲಿ ಅದರ ಷೇರು 34 ಡಾಲರಿನ ದರದಲ್ಲಿ ಪೇಟೆಗೆ ಬಂದಿತು. ಚಾವಡಿ ಕಾಯ್ದವರಿಗೆ ಸಿಕ್ಕಿದ್ದು ಆ ಷೇರನ್ನು ಹಣ ಕೊಟ್ಟು ಕೊಳ್ಳುವ ಅವಕಾಶ! 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರವನ್ನು ಕಂಡ ಹಿರಿಯರಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗ ಯಾರದೋ ನೆಲವೂ ಅವರದೇ.

ಒಡೆಯ ಬಾಗಿಲು ಹಾಕಿದರೆ ಇನ್ನೊಂದು ಕಥೆ. ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಮುಚ್ಚಿತು. 2020ರ ಜೂನಿನಲ್ಲಿ ನಮ್ಮ ಸರಕಾರ ಟಿಕ್‌ಟಾಕನ್ನು ನಿಷೇಧಿಸಿದಾಗ, ಅಲ್ಲಿ ವರ್ಷಗಟ್ಟಲೆ ಜನ ಕೂಡಿಸಿಕೊಂಡವರು ಒಂದೇ ರಾತ್ರಿಯಲ್ಲಿ ಒಂಟಿಯಾದರು. ನಿಷೇಧ ಸರಿಯೇ ತಪ್ಪೇ ಎಂಬುದು ಇಲ್ಲಿನ ಮಾತಲ್ಲ. ಅವರ ಕೈಯಲ್ಲಿ ತಮ್ಮ ಜನರ ಪಟ್ಟಿ ಇರಲಿಲ್ಲವೆಂಬುದು ಮಾತು.

ಇದಕ್ಕೆ ಎದುರಾಗಿ ನಮ್ಮದೇ ಕಸುಬಿನ ಒಂದು ಉದಾಹರಣೆಯಿದೆ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಕೆಲಸಗಾರರೇ ಸಹಕಾರ ಸಂಘ ಕಟ್ಟಿದರು. 1957ರಲ್ಲಿ ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ. 2009ರಲ್ಲಿ ಎಂ.ಜಿ. ರಸ್ತೆಯ ಕಾಫಿ ಹೌಸು ತನ್ನ ಬಾಡಿಗೆಯ ಜಾಗವನ್ನು ಬಿಡಬೇಕಾಯಿತು. ಅದು ಮುಳುಗಿತೇ? ಇಲ್ಲ. ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ಬಾಗಿಲು ತೆರೆಯಿತು. ಗಿರಾಕಿಗಳು ಹಿಂದೆಯೇ ಬಂದರು. ಗೋಡೆ ಬಾಡಿಗೆಯದಾಗಿತ್ತು, ಸಂಘ ಸ್ವಂತದ್ದಾಗಿತ್ತು.

ನಾವೂ ಹಾಗೆಯೇ ಮಾಡಬೇಕು. ವಾಟ್ಸಾಪು, ಯೂಟ್ಯೂಬುಗಳನ್ನು ಬಾಡಿಗೆಯ ಕೋಣೆಯೆಂದು ತಿಳಿದು ಬಳಸೋಣ. ಸದಸ್ಯರ ಒಪ್ಪಿಗೆ ಪಡೆದು ಅವರ ಹೆಸರು, ಫೋನ್ ಸಂಖ್ಯೆಗಳನ್ನು ಸಂಘದ ಸ್ವಂತ ದಫ್ತರದಲ್ಲಿ ಬರೆದಿಡೋಣ. ಆ ಪಟ್ಟಿಯನ್ನು ಯಾವ ವ್ಯಾಪಾರಿಗೂ ಮಾರದಿರೋಣ. ತಿಂಗಳಿಗೊಂದು ಸಲ ಎದುರುಬದುರು ಕೂಡೋಣ. ಬಂದ ಹಣ ಎಲ್ಲಿ ಹೋಗಬೇಕೆಂಬುದನ್ನು ಆ ಸಭೆಯೇ ಕೈಯೆತ್ತಿ ತೀರ್ಮಾನಿಸಲಿ. ಹಾಗಾದರೆ ನಾಳೆ ಯಾವ ಕಂಪನಿ ಬಾಗಿಲು ಹಾಕಿದರೂ ನಮ್ಮ ಕೂಟ ಚದರುವುದಿಲ್ಲ.

ತರುಣರು ಕೆಲಸ ಆರಂಭಿಸಲಿ, ಹಿರಿಯರು ಲೆಕ್ಕ ನೋಡಲಿ. ಮೊದಲ ಐವತ್ತು ಹೆಸರುಗಳನ್ನು ಈ ಸಭೆಯಲ್ಲೇ ಬರೆಸಿಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇವೆ.