ಮುಂಬಯಿಯಿಂದ ವಿರಾರಿಗೆ
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಮುಂಬಯಿಗೆ ಹೋದವರ ಕುರಿತು ಮಾತನಾಡಬೇಕೆಂದು ನನಗೆ ಆಜ್ಞೆಯಾಗಿದೆ. ನಾನಾದರೋ ಮುಂಬಯಿಯನ್ನು ಬಿಡುತ್ತಿರುವವರ ಕುರಿತು ಹೇಳಲು ಅಪ್ಪಣೆ ಬೇಡುತ್ತೇನೆ. ನಮ್ಮ ಕರಾವಳಿಯ ಹಿರಿಯರು ಒಂದು ಟ್ರಂಕಿನೊಡನೆ ಹಡಗು ಹತ್ತಿ ಸೇರಿದ ನಗರವದು. ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದರೂ ಅನೇಕರು ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಅವರ ಮೊಮ್ಮಕ್ಕಳಿಗೆ ಆ ಭಾಗ್ಯವಿಲ್ಲ.

2001ರಲ್ಲಿ ಮುಂಬಯಿ ದ್ವೀಪನಗರದ ಜನಸಂಖ್ಯೆ 33 ಲಕ್ಷವಿತ್ತು. 2011ರ ಜನಗಣತಿಯಲ್ಲಿ ಸುಮಾರು 31 ಲಕ್ಷಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ನೆರೆಯ ಠಾಣೆ ಜಿಲ್ಲೆ 81 ಲಕ್ಷದಿಂದ 110 ಲಕ್ಷಕ್ಕೆ ಏರಿತು.

ಇದಕ್ಕೆ ಯುವಕರ ಚಂಚಲತೆ ಕಾರಣವಲ್ಲ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಹಳೆಯ ಬಾಡಿಗೆದಾರರನ್ನು ಕಾಪಾಡಿತು, ನಿಜ. ಆದರೆ ಬಾಡಿಗೆಯು 1940ರ ಮಟ್ಟದಲ್ಲಿಯೇ ನಿಂತುಬಿಟ್ಟ ಮೇಲೆ ಬಾಡಿಗೆಗೆಂದು ಹೊಸ ಮನೆ ಕಟ್ಟುವವರಾರು? ಇದ್ದ ಕೋಣೆಗಳು ‘ಪಗಡಿ’ ತೆರಬಲ್ಲವರ ಪಾಲಾದವು. ಹೊಸದಾಗಿ ಮದುವೆಯಾದವನು ಬೀದಿಯಲ್ಲಿ ನಿಂತನು. 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದ ಬಳಿಕ ಬಟ್ಟೆಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ನಿಯಮಗಳು ಆ ಭೂಮಿಯ ಮಾರಾಟಕ್ಕೆ ಷರತ್ತಿನೊಡನೆ ದಾರಿ ತೆರೆದವು. 2001ರ ತಿದ್ದುಪಡಿ ಷರತ್ತನ್ನೂ ಸಡಿಲಿಸಿತು. ಈಗ ಹೊಗೆಕೊಳವೆಗಳಿದ್ದಲ್ಲಿ ಗಗನಚುಂಬಿ ಕಟ್ಟಡಗಳಿವೆ.

ಹೀಗೆ ಹೊರಟವರು ಮೀರಾ ರೋಡ್, ನಾಲಾಸೋಪಾರಾ, ವಿರಾರ್, ಡೊಂಬಿವಲಿ, ನವಿ ಮುಂಬಯಿಗಳನ್ನು ಸೇರಿದರು. ವಸಯಿಗೆ ಹೋದವರಿಗೆ ಪೋರ್ಚುಗೀಸರ ಕಾಲದ ದೇವಾಲಯಗಳಾದರೂ ದೊರೆತವು. ಆದರೆ ಚರ್ಚ್‌ಗೇಟಿನಿಂದ ವಿರಾರಿಗೆ 60 ಕಿಲೋಮೀಟರು! ಆ ಲೋಕಲ್ ಗಾಡಿಯ ಬಾಗಿಲಿಗೆ ಜೋತುಬಿದ್ದವರು ಇಲ್ಲಿಯೂ ಇದ್ದೀರಿ, ನಾನು ವರ್ಣಿಸಬೇಕಾಗಿಲ್ಲ. ತಂದೆ ಹೊರಡುವಾಗ ಮಗು ನಿದ್ರಿಸುತ್ತಿರುತ್ತದೆ, ಮರಳಿದಾಗಲೂ ನಿದ್ರಿಸುತ್ತಿರುತ್ತದೆ. ಮನೆಯ ಬೆಲೆಯಲ್ಲಿ ಉಳಿಸಿದ್ದನ್ನು ಅವನು ಆಯುಸ್ಸಿನಲ್ಲಿ ತೆರುತ್ತಾನೆ.

ಇಷ್ಟಾದರೂ ನಾವು ಮಾಡುವುದೇನು? ಹೆಣ್ಣು ಕೇಳಲು ಬಂದರೆ, “ಹುಡುಗ ಬಾಂದ್ರಾದಲ್ಲೋ, ವಿರಾರಿನಲ್ಲೋ?” ಎಂದು ವಿಚಾರಿಸುತ್ತೇವೆ. ಮಗನು ನಾಲಾಸೋಪಾರಾದಲ್ಲಿರುವನೆನ್ನಲು ನಾಚಿ, “ಮುಂಬಯಿಯಲ್ಲಿದ್ದಾನೆ” ಎಂದು ಮಾತು ಮುಗಿಸುತ್ತೇವೆ. ಅವನೇ ಬೇಸತ್ತು ಊರಿಗೆ ಮರಳುತ್ತೇನೆಂದರೆ, “ನೆರೆಯವರು ಏನೆಂದಾರು?” ಎನ್ನುತ್ತೇವೆ. ಇದು ನನ್ನ ಮನೆಯಲ್ಲಿಯೂ ನಡೆದ ಮಾತು; ಆಡಿದವನು ನಾನೇ. ಮಗನು ಉತ್ತರ ಕೊಡಲಿಲ್ಲ. ಎರಡು ವರ್ಷ ಹಬ್ಬಕ್ಕೂ ಬರಲಿಲ್ಲ.

ಕೊನೆಯದಾಗಿ ಒಂದು ವಿನಂತಿ. ನಮ್ಮ ಕಚೇರಿಯ ಪುಸ್ತಕದಲ್ಲಿ ಅನೇಕ ಮಕ್ಕಳ ವಿಳಾಸ ಇನ್ನೂ ಹಳೆಯ ಚಾಳಿನದೇ ಇದೆ. ಹಬ್ಬದ ಕರೆಯೋಲೆಗಳು ಹೊರಡುವ ಮೊದಲು, ಭಾನುವಾರದ ಪೂಜೆಯ ಬಳಿಕ ಬಂದು ಅದನ್ನು ತಿದ್ದಿಸಿರಿ.