ಏರಿಯ ಮೇಲಷ್ಟೇ ನಿಲ್ಲಬೇಡಿ



ಮಾಗಡಿ ಕೆರೆಯ ಚಳಿಗಾಲದ ಈ ಹಕ್ಕಿ ಹಬ್ಬವನ್ನು ಉದ್ಘಾಟಿಸಲು ನನ್ನನ್ನು ಕರೆದಿದ್ದೀರಿ. ನಾವು ದೀಪ ಹಚ್ಚುವ ಮೊದಲೇ ಮುಖ್ಯ ಅತಿಥಿಗಳು ಬಂದು ಕೆರೆಗೆ ಇಳಿದಾಗಿದೆ. ಬಿಳಿ ತಲೆಗೆ ಎರಡು ಕರಿಪಟ್ಟೆ ಇರುವ ಈ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್‌ಗಳ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಹಿಮಾಲಯ ದಾಟಿ ದಕ್ಷಿಣಕ್ಕೆ ಬರುತ್ತವೆ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಅವುಗಳ ರಕ್ತಕ್ಕಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಾಣಿಸಿಕೊಂಡಿವೆ.

ಮಾಗಡಿ ಕೆರೆ ದೇವರು ಕೊಟ್ಟ ಸರೋವರವಲ್ಲ. ಮಳೆನೀರು ನಿಲ್ಲಿಸಿ ಹೊಲಕ್ಕೆ ಹಾಯಿಸಲು ಮನುಷ್ಯರು ಕಟ್ಟಿದ್ದು. ಸುಮಾರು 50 ಹೆಕ್ಟೇರಿನ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. 166ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಇಲ್ಲಿ ದಾಖಲಾಗಿವೆ. ಈ ಹೆಸರೆಲ್ಲ ಕೆರೆಗೆ ಬಂತು, ಸಂತೋಷ. ಆದರೆ ಹೊಲದ ಹೆಸರು ಯಾರೂ ಎತ್ತುವುದಿಲ್ಲ.

ಹೆಬ್ಬಾತಿಗೆ ಕೆರೆ ಹಗಲು ಮಲಗುವ ಕೋಣೆ. ಊಟದ ಮನೆ ಸುತ್ತಲಿನ ಹೊಲ. ಹೊತ್ತು ಮುಳುಗಿದ ಮೇಲೆ ಸಾಲುಗಟ್ಟಿ ಹಾರಿ ಹೋಗಿ, ಎಳೆ ಪೈರು ಮೇಯುತ್ತವೆ, ಕೊಯ್ಲಾದ ಹೊಲದಲ್ಲಿ ಉದುರಿದ ಕಾಳು ಆಯುತ್ತವೆ. ನಾವು ಬೆಳಿಗ್ಗೆ ಫೋಟೊ ತೆಗೆಯುವ ಹಕ್ಕಿಯ ಹೊಟ್ಟೆಯಲ್ಲಿ ಯಾರೋ ಬೆಳೆದ ಬೆಳೆ ಇರುತ್ತದೆ. ಅದು ನಷ್ಟವೇ, ಅದನ್ನು ಸಿಹಿ ಮಾತಿನಲ್ಲಿ ಮುಚ್ಚಬಾರದು. ಗುಲಾಬಿ ಕಬ್ಬಕ್ಕಿಗಳ ಹಿಂಡು ಇಳಿದರೆ ಜೋಳದ ತೆನೆಗೆ ಏನಾಗುತ್ತದೆಂದು ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸಿದವರಿಗೆ ಗೊತ್ತು. ಲೆಕ್ಕದ ಇನ್ನೊಂದು ಬದಿಯೂ ಇದೆ. ಬೆಳೆಯ ಮೇಲೆ ತಗ್ಗಿನಲ್ಲಿ ತೇಲುವ ಸೆಳೆವಗಳು ಮಿಡತೆ, ಇಲಿ ಹಿಡಿಯುತ್ತವೆ. ನೇಗಿಲ ಹಿಂದೆ ಓಡುವ ಸಿಪಿಲೆಗಳು ಹುಳ ಹೆಕ್ಕುತ್ತವೆ.

ಅದಕ್ಕೇ ಹಕ್ಕಿಪ್ರಿಯರಲ್ಲಿ ನನ್ನದೊಂದು ಕೋರಿಕೆ. 1987ರಿಂದ ಪ್ರತಿ ಜನವರಿ ಏಷ್ಯಾದ ಜಲಪಕ್ಷಿ ಗಣತಿ ನಡೆಯುತ್ತಿದೆ. ಆ ಶಿಸ್ತಿನಿಂದಲೇ ಇಲ್ಲಿಯೂ ಎಣಿಸಿ. ಆದರೆ ನಿಮ್ಮ ಪುಸ್ತಕದಲ್ಲಿ ಹಕ್ಕಿಯ ಹೆಸರು, ಸಂಖ್ಯೆಯ ಪಕ್ಕ ಇನ್ನೆರಡು ಕಲಂ ಗೆರೆ ಎಳೆಯಿರಿ: ಕೆರೆಯಲ್ಲಿ ನೀರೆಷ್ಟು, ಅಕ್ಕಪಕ್ಕದ ಹೊಲದಲ್ಲಿ ಬೆಳೆ ಯಾವುದು. ಮಳೆ ಕೈಕೊಟ್ಟ ವರ್ಷ, ಬೆಳೆ ಬದಲಾದ ವರ್ಷ ಹಕ್ಕಿ ಏಕೆ ಕಡಿಮೆಯಾಯಿತು ಎಂಬ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಸಿಗಬೇಕು. ಬೆಳೆ ಹಾನಿಗೆ ಪರಿಹಾರ ಕೇಳುವ ರೈತನಿಗೂ ಆ ಪುಸ್ತಕ ಸಾಕ್ಷಿಯಾದೀತು.

ಹೊಲಕ್ಕೆ ಕಾಲಿಡುವ ಮುನ್ನ ಯಜಮಾನರನ್ನೋ ಯಜಮಾನತಿಯನ್ನೋ ಕೇಳಿ, ಬದುವಿನ ಮೇಲೇ ನಡೆಯಿರಿ. ಫೋಟೊಗಾಗಿ ಹಿಂಡನ್ನು ಎಬ್ಬಿಸಬೇಡಿ. ಮಕ್ಕಳೇ, ಪೇಟೆಯಿಂದ ಬಂದವರಿಗೆ ಬೆಳೆಗಳ ಹೆಸರು ನೀವು ಹೇಳಿಕೊಡಿ. ಹಕ್ಕಿಗಳ ಹೆಸರು ಅವರಿಂದ ಕಲಿಯಿರಿ.

ಹಬ್ಬ ಉದ್ಘಾಟನೆಯಾಯಿತೆಂದು ಸಂತೋಷದಿಂದ ಸಾರುತ್ತೇನೆ. ಒಂದು ತಂಡ ಏರಿಯ ಕಡೆ ಹೊರಡಲಿ, ಇನ್ನೊಂದು ರೈತರ ಜೊತೆ ಹೊಲದ ಕಡೆ. ನಾನು ಎರಡನೆಯ ತಂಡದಲ್ಲಿರುತ್ತೇನೆ.